ಗಿರಾಕಿ ತರೋದು ಏಜೆಂಟನ ಸಣ್ಣ ಕೆಲಸ

ಬೆಳಗಾವಿಯ ಅಪ್ಪನ ಮನೆಯನ್ನು ಪುಣೆಯಲ್ಲಿ ಕೂತು ಮಾರಬೇಕು, ಏಜೆಂಟನಿಗೆ ದಲಾಲಿ ಕೊಡುವುದು ದಂಡ ಅಲ್ವಾ ಅಂತ ಕೇಳಿದ್ದೀರಿ. ನಾನೂ ಹಾಗೇ ಅಂದುಕೊಂಡಿದ್ದೆ. ಬೆಳಗಾವಿಯದೇ ಶಹಾಪುರದ ನಮ್ಮ ಹಳೇ ಮನೆ ಬಾಗಿಲಿಗೆ ಬೋರ್ಡ್ ತೂಗುಹಾಕಿ ನಾಲ್ಕು ತಿಂಗಳು ಕಾದೆ. ಫೋನ್ ಮಾಡಿದವರಲ್ಲಿ ಅರ್ಧಕ್ಕರ್ಧ ಏಜೆಂಟರೇ!

ಮೊದಲು ಬಂದವನು "ನಿಮಗೆ ಇಷ್ಟು ಬಂದರೆ ಸಾಕಲ್ವಾ, ಮೇಲೆ ಬಂದದ್ದು ನನ್ನದು" ಅಂದ. ಕೇಳೋಕೆ ಸಲೀಸು. ಆದರೆ ಹಾಗೆ ಒಪ್ಪಿದರೆ ಗಿರಾಕಿ ಎಷ್ಟು ಕೊಟ್ಟ ಅನ್ನೋದು ನಮಗೆ ಗೊತ್ತೇ ಆಗುವುದಿಲ್ಲ. ಅವನನ್ನು ಬಿಟ್ಟೆವು.

ಎರಡನೆಯವರು ಮನೆಯೊಳಗೆ ಕಾಲಿಡುವ ಮೊದಲೇ ಸಿಟಿಎಸ್ ಉತಾರ, ಅಂದರೆ ಜಾಗ ಯಾರ ಹೆಸರಲ್ಲಿದೆ ಅಂತ ತೋರಿಸುವ ಸಿಟಿ ಸರ್ವೆ ದಾಖಲೆ ಕೇಳಿದರು. ತೆಗೆದು ನೋಡಿದರೆ ಅದರಲ್ಲಿ ಇನ್ನೂ ಅಜ್ಜನ ಹೆಸರು! ಮನೆ ತೆರಿಗೆ ಅಪ್ಪನ ಹೆಸರಲ್ಲಿ ಬರುತ್ತಿತ್ತು, ಹಾಗಾಗಿ ಎಲ್ಲ ಸರಿ ಇದೆ ಅಂತ ಸುಮ್ನೆ ಇದ್ದೆವು. ಪಾಲಿಕೆ ದಾಖಲೆ ಬೇರೆ, ಸಿಟಿ ಸರ್ವೆ ದಾಖಲೆ ಬೇರೆ ಅಂತ ಗೊತ್ತಾಗಿದ್ದೇ ಅವತ್ತು. "ಮೊದಲು ವಾರಸಾ ಮಾಡಿಸಿ, ಗಿರಾಕಿ ಆಮೇಲೆ" ಅಂದರು. ವಾರಸಾ ಅಂದರೆ ತೀರಿಕೊಂಡವರ ಹೆಸರಿನ ಬದಲು ವಾರಸುದಾರರ ಹೆಸರು ಏರಿಸುವುದು. ಅಪ್ಪನ ಅಕ್ಕಂದಿರು, ನನ್ನ ತಂಗಿ, ಎಲ್ಲರ ಸಹಿ ಬೇಕಾಯಿತು. ಸಂಚಕಾರ (ಮುಂಗಡ) ತೆಗೆದುಕೊಂಡ ಮೇಲೆ ಇದು ಹೊರಬಿದ್ದಿದ್ದರೆ ಬ್ಯಾಂಕಿನವರು ಗಿರಾಕಿಗೆ ಸಾಲವನ್ನೇ ಕೊಡುತ್ತಿರಲಿಲ್ಲ.

ಮಳೆಗಾಲದಲ್ಲಿ ಮನೆ ತೋರಿಸಬೇಡಿ ಅಂದದ್ದೂ ಅವರೇ. ಬೆಳಗಾವಿ ಮಳೆ ನಿಮಗೆ ಗೊತ್ತಲ್ಲ, ಅಡುಗೆಮನೆ ಗೋಡೆ ಮೇಲೆ ಅಂಗೈಯಗಲ ಪಾಚಿ ಕಟ್ಟಿತ್ತು. ಒಡೆದ ಹಂಚು ಬದಲಿಸಿ, ಗೋಡೆ ಒಣಗಿಸಿ, ದೀಪಾವಳಿ ಮುಗಿದ ಮೇಲೆ ತೋರಿಸಿದೆವು.

ಚೌಕಾಸಿಯ ದಿನ ಗಿರಾಕಿ ಮರಾಠಿಯಲ್ಲಿ "ಇದು ಕೆಡವೋ ಮನೆ" ಅಂದುಬಿಟ್ಟರು. ನಾನು ಹುಟ್ಟಿದ ಮನೆ ಅದು. ಜಗಳಕ್ಕೇ ನಿಲ್ಲುತ್ತಿದ್ದೆ. ಏಜೆಂಟ್ ನಕ್ಕು, "ಕೆಡವಿ, ಜಾಗದ ದುಡ್ಡು ಕೊಡಿ" ಅಂತ ಅದೇ ಮರಾಠಿಯಲ್ಲಿ ಹೇಳಿ ಚಹಾ ತರಿಸಿದರು. ದಲಾಲಿ ಅಲ್ಲಿಗೇ ವಸೂಲಾಯಿತು.

62 ಲಕ್ಷಕ್ಕೆ ಮುಗಿಯಿತು. ಗಿರಾಕಿ ಸ್ವಲ್ಪ ನಗದು ಕೊಡುತ್ತೇವೆ ಅಂದಾಗ ಏಜೆಂಟರೇ ತಡೆದರು. ಮನೆ ಮಾರಾಟದಲ್ಲಿ 20,000 ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಂಡರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ತೆಗೆದುಕೊಂಡವರ ಮೇಲೆ. ಬೆಲೆ 50 ಲಕ್ಷ ಮುಟ್ಟಿದರೆ ಗಿರಾಕಿ 1% ಟಿಡಿಎಸ್, ಅಂದರೆ ನಮ್ಮ ಲೆಕ್ಕದ ಆದಾಯ ತೆರಿಗೆ, ಹಿಡಿಯುತ್ತಾರೆ. 62,000 ಕಡಿಮೆ ಬಂತಲ್ಲ ಅಂತ ನಾನು ಗಾಬರಿಯಾಗಿದ್ದೆ. ಅದು ನಾವು ಕಟ್ಟಿದ ತೆರಿಗೆಯಾಗಿ ನಮ್ಮ ಪ್ಯಾನ್ ಖಾತೆಯಲ್ಲಿ ಕಾಣುತ್ತದೆ.

ಎಲ್ಲಕ್ಕೂ ಏಜೆಂಟ್ ಬೇಕು ಅಂತಲ್ಲ. ಮನೆ ಮೇಲೆ ನೋಂದಾಯಿತ ಸಾಲ, ವ್ಯವಹಾರ ಏನಿದೆ ಅಂತ ತೋರಿಸುವ ಋಣಭಾರ ಪತ್ರವನ್ನು (ಇಸಿ) ನೋಂದಣಿ ಇಲಾಖೆಯ ಕಾವೇರಿ 2.0 ವೆಬ್‌ಸೈಟಿನಲ್ಲಿ ನೀವು ಪುಣೆಯಿಂದಲೇ ತೆಗೆಯಬಹುದು. ದಲಾಲಿ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ. ನಾವು 1% ಕೊಟ್ಟೆವು, ಖರೀದಿ ಪತ್ರ ನೋಂದಣಿಯಾದ ದಿನ. ಮೂಲ ಕಾಗದ ಯಾರ ಕೈಗೂ ಕೊಡಬೇಡಿ, ಝೆರಾಕ್ಸ್ ಸಾಕು. ಏಜೆಂಟನ್ನು ಹುಡುಕುವ ಮೊದಲು ಉತಾರದಲ್ಲಿ ಯಾರ ಹೆಸರಿದೆ ಅಂತ ಒಮ್ಮೆ ನೋಡಿ.