ಮಂಜಿನ ಹನಿಯಲ್ಲಿ ಉಪ್ಪಿದ್ದರೆ ಒಳಗಿನ ರಾಸಾಯನಿಕ ಕ್ರಿಯೆ ಬೇಗ ಆಗುತ್ತಾ, ನಿಧಾನ ಆಗುತ್ತಾ?

ಮುಳ್ಳಯ್ಯನಗಿರಿಯ ಮಂಜಿನ ಹನಿಯಲ್ಲೂ ಉಪ್ಪು ಇರುತ್ತಾ, ಅದರಿಂದ ಏನಾದರೂ ವ್ಯತ್ಯಾಸ ಆಗುತ್ತಾ ಅಂತ ಕೇಳಿದ್ದೀರಿ. ಚಿಕ್ಕಮಗಳೂರಿನಲ್ಲಿ ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವ ನನಗೆ ತುಂಬಾ ಇಷ್ಟವಾದ ಪ್ರಶ್ನೆ ಇದು.

ಉಪ್ಪು ಇದ್ದೇ ಇರುತ್ತದೆ. ಗಾಳಿಯಲ್ಲಿ ತೇಲುವ ಯಾವುದಾದರೂ ಕಣದ ಮೇಲೆ ನೀರು ಕೂತಾಗಲೇ ಹನಿ ಹುಟ್ಟುವುದು. ಮಳೆಗಾಲದಲ್ಲಿ ಅರಬ್ಬೀ ಸಮುದ್ರದ ಗಾಳಿ ಘಟ್ಟದ ಮೇಲಕ್ಕೆ ಸಮುದ್ರದ ಉಪ್ಪನ್ನೂ ಹೊತ್ತು ತರುತ್ತದೆ. ಜೊತೆಗೆ ಅಮೋನಿಯಂ ಸಲ್ಫೇಟ್, ನೈಟ್ರೇಟ್‌ನಂಥ ಬೇರೆ ಉಪ್ಪುಗಳೂ ಇರುತ್ತವೆ.

ಬೇಗವೋ ನಿಧಾನವೋ ಅನ್ನುವುದನ್ನು ಯಾವ ಅಯಾನುಗಳು (ವಿದ್ಯುತ್ ಚಾರ್ಜ್ ಇರುವ ಕಣಗಳು) ಸೇರುತ್ತಿವೆ ಅಂತ ನೋಡಿ ಹೇಳಬೇಕು. ಎರಡೂ ನೆಗೆಟಿವ್ ಆಗಿದ್ದರೆ ಒಂದನ್ನೊಂದು ತಳ್ಳುತ್ತವೆ. ಉಪ್ಪಿನ ಪಾಸಿಟಿವ್ ಅಯಾನುಗಳು ಸುತ್ತ ಸೇರಿಕೊಂಡು ಆ ತಳ್ಳಾಟವನ್ನು ತಗ್ಗಿಸುತ್ತವೆ. ಆಗ ಕ್ರಿಯೆ ಬೇಗ ಆಗುತ್ತದೆ. ವಿರುದ್ಧ ಚಾರ್ಜ್ ಇದ್ದರೆ ಸೆಳೆತವೇ ತಗ್ಗುವುದರಿಂದ ನಿಧಾನ. ಒಂದಕ್ಕೆ ಚಾರ್ಜ್ ಇಲ್ಲದಿದ್ದರೆ ಹೆಚ್ಚೇನೂ ವ್ಯತ್ಯಾಸವಿಲ್ಲ. ಇದನ್ನು ಲ್ಯಾಬಿನಲ್ಲೇ ನೋಡಬಹುದು. ಪರ್‌ಸಲ್ಫೇಟ್ ಮತ್ತು ಅಯೋಡೈಡ್ ಎರಡೂ ನೆಗೆಟಿವ್. ಅವುಗಳ ಕ್ರಿಯೆಗೆ ಸುಮ್ನೆ ಪೊಟ್ಯಾಸಿಯಂ ನೈಟ್ರೇಟ್ ಸೇರಿಸಿ, ಕ್ರಿಯೆಯಲ್ಲಿ ಹುಟ್ಟುವ ಅಯೋಡಿನ್‌ನಿಂದ ಪಿಷ್ಟಕ್ಕೆ ಬರುವ ನೀಲಿ ಬಣ್ಣ ಬೇಗ ಬರುತ್ತದೆ. ನೈಟ್ರೇಟ್ ಕ್ರಿಯೆಯಲ್ಲಿ ಭಾಗವಹಿಸುವುದೇ ಇಲ್ಲ, ಆದರೂ ವೇಗ ಬದಲಾಗುತ್ತದೆ! 1923ರಲ್ಲಿ ವಿಜ್ಞಾನಿಗಳಾದ ಡಿಬೈ ಮತ್ತು ಹಕೆಲ್ ಕೊಟ್ಟ ಸಿದ್ಧಾಂತದಿಂದ ಇದನ್ನು ಲೆಕ್ಕ ಹಾಕಬಹುದು. ಆದರೆ ಆ ಲೆಕ್ಕ ತೆಳುವಾದ ದ್ರಾವಣಕ್ಕೆ ಮಾತ್ರ.

ಸಣ್ಣ ಹನಿ ಕೈಕೊಡುವುದು ಇಲ್ಲೇ. 20 ಮೈಕ್ರಾನ್ (ಒಂದು ಮೈಕ್ರಾನ್ ಅಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ) ಅಗಲದ ಹನಿ ಬಿಸಿಲೇರಿದಾಗ ಒಣಗುತ್ತಾ 2 ಮೈಕ್ರಾನ್‌ಗೆ ಇಳಿಯಿತು ಅನ್ನಿ. ಅಗಲ ಹತ್ತನೇ ಒಂದು ಭಾಗವಾದರೆ ಗಾತ್ರ ಸಾವಿರದಲ್ಲಿ ಒಂದು ಭಾಗ. ಉಪ್ಪು ಆವಿಯಾಗಲ್ಲ ಅಲ್ವಾ? ಹಾಗಾಗಿ ಹನಿಯಲ್ಲಿ ಉಪ್ಪಿನ ಸಾಂದ್ರತೆ ಸಾವಿರ ಪಟ್ಟು ಹೆಚ್ಚುತ್ತದೆ. ಗಾಳಿಯ ತೇವಾಂಶ 75%ಗಿಂತ ಕೆಳಗೆ ಬಂದರೂ ಅಡುಗೆ ಉಪ್ಪಿನ ಹನಿ ತಕ್ಷಣ ಹರಳಾಗುವುದಿಲ್ಲ. ಸುಮಾರು 45%ವರೆಗೂ ದ್ರವವಾಗಿಯೇ ಉಳಿಯಬಲ್ಲದು. ಲೋಟದಲ್ಲಿ ಎಷ್ಟು ಕಲಕಿದರೂ ಅಷ್ಟು ಉಪ್ಪು ಕರಗದು.

ಉಪ್ಪು ಅಷ್ಟು ದಟ್ಟವಾಗಿರುವ ಹನಿಯಲ್ಲಿ ಸಲ್ಫರ್ ಡೈಆಕ್ಸೈಡ್ ಸಲ್ಫೇಟ್ ಆಗುವುದನ್ನು ನೋಡಿ. ಹೈಡ್ರೋಜನ್ ಪೆರಾಕ್ಸೈಡ್ ಮೂಲಕ ಆದರೆ ತೆಳು ನೀರಿಗಿಂತ ಎಷ್ಟೋ ಬೇಗ. ಮ್ಯಾಂಗನೀಸ್ ವೇಗವರ್ಧಕವಾಗಿದ್ದರೆ ಅದೇ ಉಪ್ಪು ಕ್ರಿಯೆಯನ್ನು ನಿಧಾನ ಮಾಡುತ್ತದೆ. ಆದ್ದರಿಂದ ಮೋಡದ ನೀರಿನಲ್ಲಿ ಅಳೆದ ವೇಗವನ್ನು ಒಣಗುತ್ತಿರುವ ಹನಿಗೆ ನೇರವಾಗಿ ಹಾಕಬೇಡಿ. ನಿಮ್ಮ ಮನಸ್ಸಿನಲ್ಲಿರುವ ಕ್ರಿಯೆ ಯಾವುದು, ಹನಿಯ ಪಿಎಚ್ (ಆಮ್ಲೀಯತೆಯ ಅಳತೆ) ಎಷ್ಟು ಅಂತ ತಿಳಿಸಿದರೆ ಅದಕ್ಕೆ ಸರಿಯಾಗಿ ಬರೆಯುತ್ತೇನೆ.