ಫೆಡರಲ್ ಕೇಸಿನ ಅಪೀಲಿನಲ್ಲಿ ‘ಈ ಕೋರ್ಟಿಗೆ ಅಧಿಕಾರವೇ ಇರಲಿಲ್ಲ’ ಎಂದು ವಾದಿಸಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಅಮೆರಿಕದಲ್ಲಿರುವ ನಿಮ್ಮ ಭಾವ ವೈರ್ ಫ್ರಾಡ್ (ಫೋನ್, ಇಂಟರ್ನೆಟ್ ಮುಂತಾದವುಗಳ ಮೂಲಕ ಮಾಡುವ ವಂಚನೆ) ಕೇಸಿನಲ್ಲಿ ತಪ್ಪೊಪ್ಪಿಕೊಂಡರು, ಕಳೆದ ವಾರ ಶಿಕ್ಷೆಯೂ ಆಯಿತು. ಇಂಡೈಟ್‌ಮೆಂಟಿನಲ್ಲೇ (ಆರೋಪಪಟ್ಟಿಯಲ್ಲೇ) ಲೋಪವಿದೆ, ಹಾಗಾಗಿ ಕೋರ್ಟಿಗೆ ಅಧಿಕಾರವೇ ಇರಲಿಲ್ಲ, ಇದನ್ನು ಯಾವಾಗ ಬೇಕಾದರೂ ಎತ್ತಬಹುದು ಎಂದು ಯಾರೋ ಹೇಳಿದ್ದಾರೆ.

ನಾನು ವಕೀಲನಲ್ಲ. ಇಲ್ಲಿ ಅಪೀಲ್ ವಕೀಲರ ಕಚೇರಿಯಲ್ಲಿ ಪ್ಯಾರಾಲೀಗಲ್, ಅಂದರೆ ವಕೀಲರ ಸಹಾಯಕ. ಈ ವಾದ ನಮ್ಮ ಟೇಬಲ್ಲಿಗೆ ಆಗಾಗ ಬರುತ್ತದೆ.

ಅಧಿಕಾರವೇ ಇಲ್ಲದಿದ್ದರೆ ಅದನ್ನು ಅಪೀಲಿನಲ್ಲೂ ಮೊದಲ ಸಲ ಎತ್ತಬಹುದು, ಅದು ನಿಜ. ಆದರೆ ಆ ಮಾತು ಸಲ್ಲುವ ಕೇಸುಗಳು ಬಹಳ ಕಡಿಮೆ. ಅಮೆರಿಕದ ಕಾನೂನಿನ 18ನೇ ಸಂಪುಟದ 3231ನೇ ಸೆಕ್ಷನ್ ಪ್ರಕಾರ ಫೆಡರಲ್ ಅಪರಾಧಗಳೆಲ್ಲ (ರಾಜ್ಯದ್ದಲ್ಲ, ಇಡೀ ದೇಶದ ಕಾನೂನಿನಡಿ ಬರುವ ಅಪರಾಧಗಳು) ಫೆಡರಲ್ ಜಿಲ್ಲಾ ಕೋರ್ಟಿನ ವ್ಯಾಪ್ತಿಗೇ ಸೇರುತ್ತವೆ. ವೈರ್ ಫ್ರಾಡ್ ಫೆಡರಲ್ ಅಪರಾಧ. ಹೆಚ್ಚಿನ ಕೇಸುಗಳಲ್ಲಿ ವಾದ ಅಲ್ಲಿಗೇ ನಿಲ್ಲುತ್ತದೆ. 1948ರಲ್ಲಿ ಆ ಸೆಕ್ಷನ್ನೇ ಸರಿಯಾಗಿ ಪಾಸಾಗಿರಲಿಲ್ಲ ಎಂಬ ಕಥೆಯೂ ಜೈಲುಗಳಲ್ಲಿ ಓಡಾಡುತ್ತದೆ. ಅದನ್ನು ನಂಬಿ ಸುಮ್ನೆ ದುಡ್ಡು ಕಳೆಯಬೇಡಿ. ಕೋರ್ಟುಗಳು ಅದನ್ನು ಮತ್ತೆ ಮತ್ತೆ ತಳ್ಳಿಹಾಕಿವೆ.

ಹಾಗಾದರೆ ಇಂಡೈಟ್‌ಮೆಂಟಿನ ಲೋಪ? ಇದಕ್ಕೆ ಸುಪ್ರೀಂ ಕೋರ್ಟ್ 2002ರ ಕಾಟನ್ ಕೇಸಿನಲ್ಲಿ ಉತ್ತರ ಕೊಟ್ಟಿದೆ. ಅಲ್ಲಿ ಆರೋಪಪಟ್ಟಿಯಲ್ಲಿ ಡ್ರಗ್ಸ್ ಎಷ್ಟು ಪ್ರಮಾಣ ಅಂತಲೇ ಬರೆದಿರಲಿಲ್ಲ. ಆದರೂ ಆ ಪ್ರಮಾಣದ ಲೆಕ್ಕದಲ್ಲಿ ಶಿಕ್ಷೆ ಹೆಚ್ಚಿಸಿದ್ದರು. ಕೆಳಗಿನ ಅಪೀಲ್ ಕೋರ್ಟ್ ಇದನ್ನು ಅಧಿಕಾರದ ಕೊರತೆ ಎಂದು ಹಿಡಿದು ಶಿಕ್ಷೆ ರದ್ದು ಮಾಡಿತು. ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ತಿರುಗಿಸಿತು: ಇಂಡೈಟ್‌ಮೆಂಟ್ ತಪ್ಪಾಗಿದ್ದರೂ ಕೋರ್ಟಿನ ಅಧಿಕಾರ ಹೋಗುವುದಿಲ್ಲ. ಇದಕ್ಕಾಗಿ 1887ರ ಹಳೆಯ ತೀರ್ಪನ್ನೂ ಪಕ್ಕಕ್ಕಿಟ್ಟಿತು. ನಿಮಗೆ ಸಲಹೆ ಕೊಟ್ಟವರು ಇನ್ನೂ ಆ ಹಳೆಯ ಕಾಲದಲ್ಲೇ ಇದ್ದಾರೆ ಅನಿಸುತ್ತದೆ!

ವೈರ್ ಫ್ರಾಡಿನಲ್ಲಿ ಇನ್ನೊಂದು ಗೊಂದಲವಿದೆ. ಇ-ಮೇಲ್ ಅಥವಾ ಫೋನ್ ಸಂದೇಶ ರಾಜ್ಯದ ಗಡಿ ದಾಟಿರಬೇಕು. ದಾಟಿರದಿದ್ದರೆ ಕೋರ್ಟಿಗೆ ಅಧಿಕಾರವಿಲ್ಲ ಅಂತ ಜನ ಅಂದುಕೊಳ್ಳುತ್ತಾರೆ. ಅದು ಅಪರಾಧ ಸಾಬೀತಾಗಲು ಬೇಕಾದ ಒಂದು ಅಂಶ ಅಷ್ಟೇ. ತಪ್ಪೊಪ್ಪಿಕೊಂಡವರು ಸಾಮಾನ್ಯವಾಗಿ ಅದನ್ನೂ ಒಪ್ಪಿಕೊಂಡಂತೆ. ತಪ್ಪಾದ ಜಿಲ್ಲೆಯಲ್ಲಿ ಕೇಸು ನಡೆಯಿತು ಎಂಬುದೂ ಬೇರೆಯದೇ ತಕರಾರು, ಅದನ್ನು ಮೊದಲೇ ಎತ್ತಬೇಕು.

ತಪ್ಪೊಪ್ಪಿಕೊಂಡ ಮೇಲೆ ಎಲ್ಲ ಬಾಗಿಲೂ ಮುಚ್ಚಿತು ಅಂತಲ್ಲ. ಆ ಕಾನೂನೇ ಸಂವಿಧಾನಕ್ಕೆ ವಿರುದ್ಧ ಎಂಬ ವಾದ ಬರೀ ತಪ್ಪೊಪ್ಪಿಗೆಯಿಂದ ಬಿದ್ದುಹೋಗುವುದಿಲ್ಲ ಎಂದು 2018ರ ಕ್ಲಾಸ್ ಕೇಸು ಹೇಳುತ್ತದೆ. ನಿಮ್ಮ ಭಾವನ ವಿಷಯದಲ್ಲಿ ಶಿಕ್ಷೆಯ ಲೆಕ್ಕ ಸರಿಯಾಗಿದೆಯೇ, ತಪ್ಪೊಪ್ಪಿಕೊಳ್ಳುವ ಮುನ್ನ ಜಡ್ಜ್ ಹಕ್ಕುಗಳನ್ನೆಲ್ಲ ವಿವರಿಸಿದರೇ ಎಂದು ನೋಡುವುದು ಜಾಸ್ತಿ ಉಪಯೋಗ.

ಇದೆಲ್ಲಕ್ಕಿಂತ ಅವಸರದ್ದು ಅಪೀಲ್ ನೋಟಿಸ್, ಅಂದರೆ ಅಪೀಲು ಮಾಡುತ್ತೇವೆ ಎಂದು ಕೋರ್ಟಿಗೆ ತಿಳಿಸುವ ಪತ್ರ. ತೀರ್ಪು ದಾಖಲಾದ ದಿನದಿಂದ ಅದಕ್ಕೆ 14 ದಿನ ಮಾತ್ರ. ನೋಟಿಸಿನಲ್ಲಿ ವಾದ ಬರೆಯಬೇಕಿಲ್ಲ, ಅದು ಆಮೇಲೆ. ಪ್ಲೀ ಒಪ್ಪಂದದಲ್ಲಿ (ತಪ್ಪೊಪ್ಪಿಕೊಳ್ಳಲು ಸರ್ಕಾರದ ಜೊತೆ ಮಾಡಿಕೊಂಡ ಒಪ್ಪಂದದಲ್ಲಿ) ಅಪೀಲ್ ಹಕ್ಕು ಬಿಟ್ಟುಕೊಟ್ಟಿದ್ದರೂ, ಕಕ್ಷಿದಾರ ಕೇಳಿದರೆ ವಕೀಲರು ನೋಟಿಸ್ ಹಾಕಲೇಬೇಕು. 2019ರ ಗಾರ್ಜಾ ತೀರ್ಪಿನ ಸಾರ ಅದೇ. ಭಾವನಿಗೆ ಇವತ್ತೇ ಹೇಳಿ, ವಕೀಲರಿಗೆ ಲಿಖಿತವಾಗಿ ತಿಳಿಸಿ ಒಂದು ಪ್ರತಿ ಇಟ್ಟುಕೊಳ್ಳಲಿ.