ಹೊಸ ಪಿಸಿಯಲ್ಲಿ ಕ್ರಿಸ್ಟಲ್ ರಿಪೋರ್ಟ್ಸ್ 2016 (ರಿಪೋರ್ಟ್ ತಯಾರಿಸೋ ಸಾಫ್ಟ್‌ವೇರ್) 'ಲಾಗಾನ್ ಫೇಲ್ಡ್' ಅನ್ನುತ್ತಿದೆ, ಒಡಿಬಿಸಿ (ಡೇಟಾಬೇಸ್‌ಗೆ ಸಂಪರ್ಕ ಕೊಡೋ ವ್ಯವಸ್ಥೆ) ಟೆಸ್ಟ್ ಮಾತ್ರ ಪಾಸ್. ಪಾಸ್‌ವರ್ಡ್ ಬದಲಿಸಲೇ, ರೀಇನ್‌ಸ್ಟಾಲ್ ಮಾಡಲೇ?

ಎರಡೂ ಬೇಡ. ಪಾಸ್‌ವರ್ಡಂತೂ ಮುಟ್ಟಲೇಬೇಡಿ. ನಾನು ಮುಟ್ಟಿ ಕೆಟ್ಟವನು.

ಆಗ ಹುಬ್ಬಳ್ಳಿಯಲ್ಲಿ ಒಂದು ಔಷಧಿ ಹೋಲ್‌ಸೇಲ್ ಅಂಗಡಿಯ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುತ್ತಿದ್ದೆ. ಬೆಳಗ್ಗೆ ಒಂಬತ್ತಕ್ಕೆ ಸ್ಟಾಕ್ ರಿಪೋರ್ಟ್ ಪ್ರಿಂಟ್ ಆಗದಿದ್ದರೆ ಗಾಡಿಗೆ ಮಾಲು ಹತ್ತುತ್ತಿರಲಿಲ್ಲ. ಅಕೌಂಟ್ಸ್ ಮೇಡಂಗೆ ಹೊಸ ಪಿಸಿ ಬಂತು. ನಾನೇ ಕೂತು ಡಿಎಸ್‌ಎನ್ (ಯಾವ ಡೇಟಾಬೇಸ್, ಎಲ್ಲಿದೆ ಅಂತ ಒಡಿಬಿಸಿಗೆ ಒಂದು ಹೆಸರಲ್ಲಿ ಬರೆದಿಡೋ ಸೆಟ್ಟಿಂಗ್) ಮಾಡಿದೆ, ಟೆಸ್ಟ್ ಒತ್ತಿದೆ, ಸಕ್ಸೆಸ್ ಅಂತು. ಮರುದಿನ ರಿಪೋರ್ಟ್ ತೆರೆದರೆ 'ಲಾಗಾನ್ ಫೇಲ್ಡ್'. ಲಾಗಾನ್ ಅಂದಮೇಲೆ ಪಾಸ್‌ವರ್ಡ್ ತಾನೇ? ಡೇಟಾಬೇಸ್ ಇದ್ದ ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಬದಲಿಸಿಬಿಟ್ಟೆ. ಬಿಲ್ಲಿಂಗ್ ಕೂಡ ಅದೇ ಯೂಸರ್‌ನಲ್ಲಿ ಓಡುತ್ತಿತ್ತು ಅನ್ನೋದು ಅದು ನಿಂತ ಮೇಲೆ ಗೊತ್ತಾಯಿತು. ಕೌಂಟರ್ ಹುಡುಗರು ಕಾರ್ಬನ್ ಪೇಪರ್ ಹುಡುಕಿ ಕೈಯಲ್ಲೇ ಬಿಲ್ ಬರೆದರು.

ಆದರೆ ಅಸಲಿ ತಪ್ಪು ಅದಲ್ಲ, ಹಿಂದಿನ ದಿನದ ಆ ಟೆಸ್ಟ್. 64 ಬಿಟ್ ವಿಂಡೋಸ್‌ನಲ್ಲಿ ಒಡಿಬಿಸಿ ಕಿಟಕಿ ಎರಡಿರುತ್ತವೆ, 32 ಬಿಟ್ ಸಾಫ್ಟ್‌ವೇರ್‌ಗೆ ಒಂದು, 64ಕ್ಕೆ ಒಂದು, ನೋಡೋಕೆ ಅವಳಿ-ಜವಳಿ. ನಾನು 64ರದ್ದು ತೆರೆದಿದ್ದೆ. ನಿಮ್ಮ 2016ರ ಕ್ರಿಸ್ಟಲ್ 32 ಬಿಟ್ (2020ರ ಆವೃತ್ತಿಯಿಂದ 64 ಆಯಿತು). 64ರಲ್ಲಿ ಮಾಡಿದ ಸಿಸ್ಟಮ್ ಡಿಎಸ್‌ಎನ್ ಅದರ ಕಣ್ಣಿಗೇ ಬೀಳಲ್ಲ. ಅಂದ್ರೆ ನನ್ನ ಟೆಸ್ಟ್ ಪಾಸಾಗಿದ್ದು ನಿಜ, ಆದರೆ ಪಾಸಾಗಿದ್ದು ಕ್ರಿಸ್ಟಲ್ ಬಳಸದ ದಾರಿಯಲ್ಲಿ. ಮನೆಗೆ ಎರಡು ಬಾಗಿಲಿದ್ದು, ಹಿತ್ತಿಲ ಬೀಗ ತೆಗೆದು ಮುಂಬಾಗಿಲಲ್ಲಿ ನೆಂಟರನ್ನು ನಿಲ್ಲಿಸಿದ ಹಾಗೆ. ಇನ್ನೊಂದು ತಮಾಷೆ: 32 ಬಿಟ್‌ನ ಕಿಟಕಿ ಇರೋದು 'ಸಿಸ್‌ವೌ64' ಫೋಲ್ಡರ್‌ನಲ್ಲಿ, 64ರದ್ದು 'ಸಿಸ್ಟಮ್32'ರಲ್ಲಿ. ಫೈಲಿನ ಹೆಸರೂ ಒಂದೇ, ಒಡಿಬಿಸಿಎಡಿ32. ಯಾರಿಗೆ ಹೇಳೋಣ!

ಎರರ್‌ನ ಮುಂದಿನ ಸಾಲಿನಲ್ಲಿ 'ಐಎಂ002' ಅಂತಿತ್ತು. ಆ ಹೆಸರಿನ ಡಿಎಸ್‌ಎನ್ನೇ ಸಿಗಲಿಲ್ಲ ಅಂತ ಅರ್ಥ. ಎರಡು ದಿನ ನಾನು ಮೊದಲ ಸಾಲಷ್ಟೇ ಓದುತ್ತಿದ್ದೆ.

ಸ್ಟಾರ್ಟ್ ಮೆನುವಿನಲ್ಲಿ ಒಡಿಬಿಸಿ ಅಂತ ಹುಡುಕಿ, 32 ಬಿಟ್ ಅಂತ ಬರೆದಿರೋದನ್ನೇ ತೆರೆಯಿರಿ. ಹಳೇ ಪಿಸಿಯಲ್ಲಿದ್ದ ಹೆಸರಲ್ಲೇ ಸಿಸ್ಟಮ್ ಡಿಎಸ್‌ಎನ್ ಮಾಡಿ, ಒಂದಕ್ಷರ ಬದಲಾಗಬಾರದು. ಫೈರ್‌ವಾಲ್ ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದೇ ಪಿಸಿಯಿಂದ ಟೆಸ್ಟ್ ಸರ್ವರ್ ಮುಟ್ಟಿ ಬಂದಿದೆ, ಅಲ್ವಾ?

ಎರರ್‌ನಲ್ಲಿ 18456 (ಸರ್ವರ್ ಲಾಗಿನ್ ಒಪ್ಪಲಿಲ್ಲ ಅನ್ನೋ ಸಂಖ್ಯೆ) ಅಂತ ಕಂಡರೆ ಮಾತ್ರ ಯೂಸರ್, ಪಾಸ್‌ವರ್ಡ್ ಕಡೆ ನೋಡಿ. ಅದೂ ಬಿಲ್ಲಿಂಗ್ ಯಾವ ಯೂಸರ್‌ನಲ್ಲಿ ಓಡ್ತಿದೆ ಅಂತ ಮೊದಲು ಕೇಳಿಕೊಂಡು.